ಬಾಟಲಿಯ ಮೇಲಿನ ಹೆಸರು

ಅಜೆಕಾರಿನ ಭುಜಂಗ ಪಂಡಿತರ ಕಾಮಾಲೆ ಮದ್ದಿನ ಹೆಸರು ೧೯೮೮ರ ಮಳೆಗಾಲದಲ್ಲಿ ಕಾರ್ಕಳ ದಾಟಿ ಮಣಿಪಾಲದ ಒಂದು ಲ್ಯಾಬಿನವರೆಗೆ ಹೋಯಿತು. ಏಡ್ಸ್ ಎಂಬ ಹೊಸ ರೋಗದ ವೈರಸ್ಸಿಗೆ ಆ ಮದ್ದಿನ ಗಿಡ ನೆಲನೆಲ್ಲಿ ಏನಾದರೂ ಮಾಡೀತೇ ಎಂದು ಪರೀಕ್ಷಿಸಲು ಅಲ್ಲಿಯ ಡಾಕ್ಟರು ಪುಡಿ ತರಿಸಿದರು. ಪುಡಿಯ ಕಟ್ಟು ಹೊತ್ತು ಪಂಡಿತರ ಹಿಂದೆ ಬಸ್ಸು ಹತ್ತಿದವಳು ಹೆಂಡತಿ ಕುಶಲಾ. ಗಿಡ ಕಿತ್ತು, ತೊಳೆದು, ಒಣಗಿಸಿ, ಕುಟ್ಟಿ, ಜರಡಿ ಹಿಡಿದವಳೂ ಅವಳೇ. ಇಪ್ಪತ್ತೆರಡು ವರ್ಷದಿಂದ.

ಲ್ಯಾಬಿನಲ್ಲಿ ಕಾಪುವಿನ ಝೀಟಾ ಎಂಬವಳು ಅದನ್ನೇ ಮಾಡುತ್ತಿದ್ದಳು. ಅರೆದಳು, ಕುದಿಸಿದಳು, ಸೋಸಿದಳು. ಬಾಟಲಿಗೆ ಚೀಟಿ ಅಂಟಿಸಿ ಇಂಗ್ಲಿಷಿನಲ್ಲಿ ಏನೋ ಬರೆದಳು.

"ಎಂತ ಬರೆದದ್ದು?" ಕುಶಲಾ ಗಂಡನನ್ನು ಕೇಳಿದಳು.

"ತಯಾರಿಸಿದವರ ಹೆಸರು. ಅವಳದ್ದೇ."

ಝೀಟಾಳ ಬಿಳಿ ಕೋಟು ಕುಶಲಾಗೆ ಬೇಡವಾಗಿತ್ತು. ಒಗೆಯಲು ಇನ್ನೊಂದು ಬಟ್ಟೆ. ಐದು ಗಂಟೆಗೆ ಕೈ ತೊಳೆದು ಮನೆಗೆ ಹೊರಟದ್ದನ್ನೂ ಸಹಿಸಿಕೊಂಡಾಳು. ಆದರೆ ಆ ಚೀಟಿ! ಮರುದಿನ ಕುಟ್ಟುವಾಗ ಒನಕೆಯೂ ಝೀಟಾ, ಝೀಟಾ ಎಂದೇ ಬಡಿಯಿತು.

ತಂದ ಪುಡಿ ಮುಗಿದಾಗ ಲ್ಯಾಬಿನವರು ಪಂಡಿತರು ಹೇಳಿದ ಕ್ರಮದಲ್ಲಿ ತಾವೇ ಮಾಡಿದರು. ಕುಶಲಾಳದ್ದು ಕಂದು, ಇದು ಹಸಿರು. ಎರಡೂ ಒಂದೇ ಆಗದೆ ಹೊರಗಿನ ದೊಡ್ಡ ಲ್ಯಾಬಿಗೆ, ವೈರಸ್ ಇಟ್ಟು ನೋಡುವಲ್ಲಿಗೆ, ಕಳಿಸುವಂತಿಲ್ಲ. ಝೀಟಾಳೇ ಅಜೆಕಾರಿಗೆ ಬಂದಳು.

"ನೆರಳಲ್ಲಿ ಒಣಗಿಸಿದ್ದೀರಲ್ವಾ ಬಾಯಮ್ಮ?" ಪಂಡಿತರು ಚಾವಡಿಯಲ್ಲಿ ಝೀಟಾಳನ್ನು ಕೇಳುತ್ತಿದ್ದರು.

"ನೆರಳಲ್ಲೇ ಪಂಡಿತರೇ."

"ಹಾಗಾದರೆ ಲೆಕ್ಕ ಎಲ್ಲಿ ತಪ್ಪಿತು ಮಾರಾಯ್ರೆ!"

ಒಳಗೆ ಕುಶಲಾ ತಲೆಯೆತ್ತಿ ನೋಡಿದಳು. ಒಲೆಯ ಮೇಲೆ ತೂಗುಹಾಕಿದ ಬಿದಿರಿನ ತಟ್ಟಿಯಲ್ಲಿ ನೆಲನೆಲ್ಲಿ ಹೊಗೆ ಕುಡಿಯುತ್ತಿತ್ತು. ಆಟಿ ತಿಂಗಳ ಮಳೆಯಲ್ಲಿ ನೆರಳಲ್ಲಿಟ್ಟರೆ ಬೂಸ್ಟು ಬರುತ್ತದೆ ಎಂದು ಅವಳೇ ಕಂಡುಕೊಂಡ ದಾರಿ. ಅದರಡಿಯಲ್ಲೇ ಕೂತು ಉಣ್ಣುವ ಪಂಡಿತರು ಒಂದು ದಿನವೂ ಕತ್ತೆತ್ತಿರಲಿಲ್ಲ. ಹೇಳಬಾರದು. ಸೋಲಲಿ ಆ ಕಾಪುವಿನವಳು. ಬಾಯಿಗೆ ಬೆಲ್ಲ ಹಾಕಿಕೊಂಡ ಹಾಗಾಯಿತು.

ಚಹಾದ ಲೋಟ ಹಿಂದೆ ಕೊಡಲು ಝೀಟಾ ಅಡುಗೆಮನೆಗೇ ಬಂದಳು. "ಅಕ್ಕ, ಮಾಡುವುದು ನೀವಲ್ವಾ? ನಿಮ್ಮ ಪುಡಿಯಲ್ಲಿ ಹೊಗೆಯ ವಾಸನೆ ಉಂಟು. ಹೇಗೆ?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದವಳು ಇವಳೇ ಆಗಬೇಕಾ ಎಂದು ಇನ್ನಷ್ಟು ಉರಿಯಿತು.

"ನಿನ್ನ ಚೀಟಿ ಉಂಟಾ?"

"ಎಂತ ಚೀಟಿ?"

"ಬಾಟಲಿಗೆ ಅಂಟಿಸುವುದು. ಮೊದಲು ನನ್ನ ಹೆಸರು ಬರಿ. ನಿನ್ನದು ಕೆಳಗೆ. ಕನ್ನಡದಲ್ಲಿ ಬರಿ, ನನಗೆ ಓದಲಿಕ್ಕೆ ಆಗಬೇಕು."

ಝೀಟಾ ನಕ್ಕಳು, ಕುಶಲಾಳ ಮುಖ ನೋಡಿ ನಗು ನಿಲ್ಲಿಸಿ ಪೆನ್ನು ತೆಗೆದಳು. 'ತಯಾರಿಸಿದವರು: ಕುಶಲಾ, ಅಜೆಕಾರು.' ಅದರ ಕೆಳಗೆ ತನ್ನ ಹೆಸರು. ಆಮೇಲಷ್ಟೇ ಕುಶಲಾ ಗದ್ದ ಎತ್ತಿ ತಟ್ಟಿಯತ್ತ ತೋರಿಸಿದಳು.

"ಮದ್ದು ನನ್ನದು, ಹೆಸರು ಇವಳದ್ದಾ?" ಚಾವಡಿಯಿಂದ ಪಂಡಿತರು ಕೂಗಿದರು.

ಹೊಗೆಯಲ್ಲಿ ಒಣಗಿಸಿದ ಪುಡಿ ದೊಡ್ಡ ಲ್ಯಾಬಿಗೆ ಹೋಗಿ, ಆರು ತಿಂಗಳಿಗೆ ವರದಿ ಬಂತು. ಪುಡಿಯಿಂದ ವೈರಸ್ಸಿಗೆ ಏನೂ ಆಗಿರಲಿಲ್ಲ. ಕಾರ್ಕಳ ಪೇಟೆಯಲ್ಲಿ ಕೇಳಿದವರಿಗೆಲ್ಲ ಪಂಡಿತರು ಹೇಳಿದರು: "ಅದು ನಾನು ಮಾಡಿದ್ದಲ್ಲ ಮಾರಾಯ್ರೆ, ಇವಳು. ಬಾಟಲಿಯಲ್ಲೇ ಬರೆದುಂಟು."

ಕುಶಲಾ ಮಣಿಪಾಲಕ್ಕೆ ಒಬ್ಬಳೇ ಹೋಗಿ ತನ್ನ ಹೆಸರಿನ ಚೀಟಿಯಿದ್ದ ಖಾಲಿ ಬಾಟಲಿ ಕೇಳಿ ತಂದಳು. ಜೀರಿಗೆ ತುಂಬಿಟ್ಟಳು. ತೊಳೆಯುವಾಗ ಚೀಟಿಗೆ ನೀರು ತಾಗಿಸುತ್ತಿರಲಿಲ್ಲ. ಅಷ್ಟಾದರೂ ಹೊಟ್ಟೆಕಿಚ್ಚು ಆರಲಿಲ್ಲ. ಅವಳು ಕೇಳಲು ಹೋದ ದಿನವೇ ಝೀಟಾ ಬೇರೊಂದು ಗಿಡದ ಬಾಟಲಿಗೆ ತನ್ನ ಹೆಸರಿನ ಹೊಸ ಚೀಟಿ ಅಂಟಿಸುತ್ತಿದ್ದಳು.