ಎಲ್ಲಿಗೆ ಎಂದು ಕೇಳುವವರು

ಪಕ್ಕದ ಮನೆ ಮಾವನ ಬಲಗಾಲಿನ ಮೀನಖಂಡದಲ್ಲಿ ಅಂಗೈ ಅಗಲದ ಸುಟ್ಟ ಕಲೆಯೊಂದಿತ್ತು. ಪಂಚೆಯನ್ನು ಮೊಳಕಾಲಿನ ಮೇಲೆ ಎತ್ತಿ ಕಟ್ಟಿ ಮೋಟಾರ್ ಸೈಕಲ್ ಹತ್ತುತ್ತಿದ್ದವರು; ಬಿಸಿ ಸೈಲೆನ್ಸರ್ ಅದೇ ಜಾಗವನ್ನು ಎಷ್ಟು ಸಲ ಸುಟ್ಟಿತ್ತೋ. ಎಪ್ಪತ್ತರ ದಶಕದ ಕೊನೆಯಲ್ಲಿ, ತಮಿಳುನಾಡಿನ ಗಡಿಯೊಳಗಿನ ತಾಳವಾಡಿ ಕಡೆಯ ನಮ್ಮೂರಿಗೆಲ್ಲ ಇದ್ದದ್ದು ಅದೊಂದೇ ಗಾಡಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬೆರಳಲ್ಲಿ ಉಳಿದ ವಿಭೂತಿಯನ್ನು ಅದರ ಹೆಡ್‌ಲೈಟಿಗೂ ಬಳಿಯುತ್ತಿದ್ದರು. ನಾನು ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ಗಾಡಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಅವರ ಒಬ್ಬನೇ ಮಗ, ಆಗ ಹದಿನೇಳರ ಹುಡುಗ, ಒಂದು ದಿನ ಹೇಳದೆ ಕೇಳದೆ ಓಡಿಸಿಕೊಂಡು ಹೋಗಿ ಹಳ್ಳಕ್ಕೆ ಕೆಡವಿದ. ಮಾವ ಅವನನ್ನು ಬೀದಿಯಲ್ಲಿ ನಿಲ್ಲಿಸಿ ಎಲ್ಲರೆದುರು ಹೊಡೆದರು. ಮಾರನೆಯ ದಿನ ಹುಡುಗ ಇರಲಿಲ್ಲ. ಉಪ್ಪು ಇಳಿಸಿ ತೂತ್ತುಕುಡಿಗೆ ವಾಪಸಾಗುತ್ತಿದ್ದ ಲಾರಿಯನ್ನು ಅವನು ಘಾಟಿಯ ನೆತ್ತಿಯ ದಿಂಬಂನಲ್ಲಿ ಹತ್ತಿದ್ದನ್ನು ಯಾರೋ ಕಂಡಿದ್ದರಂತೆ. ಅಷ್ಟೇ ಸುದ್ದಿ. ಆಮೇಲೆ ಅವನಿಂದ ಒಂದು ಕಾಗದವೂ ಬರಲಿಲ್ಲ.

ಅಂದಿನಿಂದ ಮಾವನಿಗೆ ಅದೇ ಜಪ: ಸತ್ಯಮಂಗಲ, ಈರೋಡು, ಕರೂರು, ದಿಂಡಿಗಲ್ಲು, ಮಧುರೆ, ತೂತ್ತುಕುಡಿ. ಸತ್ಯಮಂಗಲದಿಂದ ಆಚೆಗೆ ಕಾಲಿಟ್ಟವರಲ್ಲ. ಆದರೂ ಹೊಸ ಟೈರು ಹಾಕಿಸಿದರು, ಪೆಟ್ರೋಲ್ ಕ್ಯಾನು ಕಟ್ಟುವುದಕ್ಕೆ ಕೊಕ್ಕೆ ಮಾಡಿಸಿದರು.

"ಬಸ್ಸಲ್ಲಿ ಓಗ್ಬಾರ್ದಾ ಮಾವ, ಯಾರ್ನಾದ್ರೂ ಜೊತೇಲಿ ಕರ್ಕಂಡು?" ಎಂದು ಕೇಳಿದೆ.

"ಈ ಗಾಡಿಗೋಸ್ಕರ ತಾನೆ ಒಡ್ದಿದ್ದು? ಇದ್ರಲ್ಲೇ ಕೂರಿಸ್ಕಂಡು ಬರ್ಬೇಕು ಕಣವ್ವ. ಇಂದ್ಗಡೆ ಸೀಟು ಅವ್ನಿಗೇ ಇರ್ಲಿ."

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮಲ್ಲಿ ಎಳೆ ಮಕ್ಕಳಿಗೂ ಗೊತ್ತು. ಮಾವ ಬುತ್ತಿ ಕಟ್ಟಿಕೊಂಡು ಗಾಡಿ ಒದ್ದು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಅವರ ಹೆಂಡತಿ, ಆ ಮನೆಯ ಅತ್ತೆ, ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಎಲ್ಲಿಗೆ ಒಂಟ್ರಿ?"

"ಕೇಳ್ಬುಟ್ಲಲ್ಲ ಮೂದೇವಿ" ಎಂದು ಬೈಯುತ್ತ ಮಾವ ಇಳಿದು ಒಳಗೆ ಹೋಗುತ್ತಿದ್ದರು. ಒಂದು ಗಳಿಗೆ ಕೂತು ನೀರು ಕುಡಿದು ಹೊರಟರೆ ದೋಷವಿಲ್ಲ. ಆದರೆ ಕೂತವರು ಏಳುತ್ತಿರಲಿಲ್ಲ. ಆಮೇಲೆ ರಾಗಿ ಕಳೆ, ಆಮೇಲೆ ಮಳೆ, ಘಾಟಿ ಜಾರುತ್ತದೆ. ಹೀಗೇ ವರ್ಷಗಳು ಹೋದವು. ನನಗಂತೂ ಅತ್ತೆಯ ಮೇಲೆ ರೇಗಿ ಹೋಗಿತ್ತು. ಒಂದು ದಿನ ಅವರು ರಾಗಿ ಬೀಸುವಾಗ ನೇರವಾಗಿ ಕೇಳಿದೆ.

"ಗೊತ್ತಿದ್ದೂ ಯಾಕತ್ತೆ ಕೇಳ್ತೀರಿ?"

ಅವರು ಬೀಸುವುದನ್ನು ನಿಲ್ಲಿಸಲಿಲ್ಲ. "ಓಗಿ ಬರಿಗೈಲಿ ಬಂದ್ರೆ? ಓಗ್ದೆ ಇದ್ರೆ, ಎಲ್ಲೋ ಅವ್ನೆ ಅಂತ ಒಂದು ತುತ್ತಾದ್ರೂ ಗಂಟ್ಲಲ್ಲಿ ಇಳೀತದೆ."

ನಾನು ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಮೊರಕ್ಕೆ ಬಳಿದೆ.

ಒಂದು ಮಾಗಿಯಲ್ಲಿ ಜ್ವರ ಬಂದು ಅತ್ತೆ ಹೋದರು. ತಿಥಿಯೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮಾವ ಮನೆಗೆ ಬೀಗ ಹಾಕಿ ಗಾಡಿ ಹತ್ತಿದರು. ಹತ್ತಿದವರು ಹೊರಡದೆ, ಬೀಗ ಹಾಕಿದ ಬಾಗಿಲನ್ನೇ ನೋಡುತ್ತ ಇದ್ದರು. ಇಂಜಿನ್ ಸುಮ್ಮನೆ ಗುಡುಗುಡು ಎನ್ನುತ್ತಿತ್ತು. ಕೊನೆಗೆ ನಾನೇ "ಓಗ್ಬುಟ್ಟು ಬನ್ನಿ ಮಾವ" ಎಂದೆ. ಹೋದರು.

ಅವತ್ತು ಮಧ್ಯಾಹ್ನ ನಾನೂ ಬಸ್ಸಿನಲ್ಲಿ ಸತ್ಯಮಂಗಲಕ್ಕೆ ಹೊರಟಿದ್ದೆ. ದಿಂಬಂನಲ್ಲಿ ಬಸ್ಸು ನಿಂತಾಗ ನೋಡಿದರೆ, ಟೀ ಅಂಗಡಿಯ ಬೆಂಚಿನ ಮೇಲೆ ಮಾವ. ಗಾಡಿ ಇಳಿಜಾರಿಗೆ ಮುಖ ಮಾಡಿ ನಿಂತಿತ್ತು. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದರಂತೆ. ನಾನು ಇಳಿದು ಹತ್ತಿರ ಹೋಗುವಷ್ಟರಲ್ಲಿ ಅಂಗಡಿಯವನು ಅವರ ಕೈಗೆ ಇನ್ನೊಂದು ಟೀ ಕೊಡುತ್ತ, ಪಾಪ, ಉಪಚಾರಕ್ಕೆ ಕೇಳಿದ.

"ಎಂಗ ಪೋರೀಂಗ, ಅಯ್ಯಾ?"

ಎಲ್ಲಿಗೆ ಹೋಗುತ್ತೀರಿ ಎಂದು. ಮಾವ ಟೀ ಕುಡಿಯದೆ ಲೋಟವನ್ನು ಬೆಂಚಿನ ಮೇಲಿಟ್ಟರು. ನನ್ನ ಕಡೆ ನೋಡಿ, "ಕೇಳ್ಬುಟ್ನಲ್ಲವ್ವ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಗಾಡಿ ತಿರುಗಿಸಿಕೊಂಡು ಊರಿನ ಕಡೆಗೆ ಹೊರಟೇಬಿಟ್ಟರು. ಖಾಲಿ ಸೀಟು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತಿದ್ದೆ.

ಆಮೇಲೆ ಅವರು ಹೊರಡಲೇ ಇಲ್ಲ. ಎದೆಯ ಕಾಯಿಲೆಯಲ್ಲಿ ಮಲಗಿದಾಗ ಗಂಜಿ ಕೊಡುತ್ತಿದ್ದವಳು ನಾನೇ. ಒಂದು ದಿನ ತಾವಾಗಿಯೇ ಹೇಳಿದರು. "ಅವ್ಳು ಕೇಳ್ದಾಗೆಲ್ಲ ಬಯ್ದೆ. ಆ ಟೀ ಅಂಗ್ಡಿಯವ್ನು ಕೇಳ್ದಾಗ ಓದ ಜೀವ ಬಂದಂಗಾಯ್ತು. ಮಗ ಎಲ್ಲೋ ಅವ್ನೆ ಬುಡವ್ವ."

ಅವರನ್ನು ಹೊಲದ ಬದುವಿನಲ್ಲಿ ಅತ್ತೆಯ ಪಕ್ಕ ಮಣ್ಣು ಮಾಡಿದರು. ಮೊದಲ ಹಿಡಿ ಮಣ್ಣು ಹಾಕಿದವನು ಅವರ ಅಣ್ಣನ ಮಗ.

ಹುಡುಗ ಬರಲಿಲ್ಲ. ಇನ್ನು ಬರುವುದೂ ಇಲ್ಲ, ನನಗೆ ಗೊತ್ತು. ಆದರೂ ಎಲ್ಲೋ ಅವ್ನೆ ಎನ್ನುವ, ಆ ಇಬ್ಬರು ನನಗೆ ಅಂಟಿಸಿ ಹೋದ ಚಾಳಿ ಬಿಟ್ಟಿಲ್ಲ. ಘಾಟಿಯಲ್ಲಿ ಉಪ್ಪಿನ ಲಾರಿ ಎದುರಾದರೆ ಬಸ್ಸಿನ ಕಿಟಕಿಯಿಂದ ಬಗ್ಗಿ ಕ್ಲೀನರನ ಮುಖ ನೋಡುತ್ತೇನೆ. ಬದುಕಿದ್ದರೆ ಅವನಿಗೀಗ ಅರವತ್ತು ದಾಟಿರಬೇಕು. ನಾನು ಹುಡುಕುವುದು ಮಾತ್ರ ಹದಿನೇಳರ ಮುಖವನ್ನೇ.