ಆನೆ ಪಕ್ಷದ ಕಾಕಾ

ಮನುಷ್ಯನ ರಾಜಕೀಯ ನಂಬಿಕೆಗಳು ಅವನ ಮನೆತನ, ಸಂಸ್ಕಾರ, ಬದುಕಿನ ಪೆಟ್ಟುಗಳಿಂದ ಮೆಲ್ಲಗೆ ರೂಪುಗೊಳ್ಳುತ್ತವೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಓಣಿಯ ಔಷಧಿ ಅಂಗಡಿ ಕಾಕಾ ಅವರ ನಂಬಿಕೆಗಳು ಹುಬ್ಬಳ್ಳಿಯ ರದ್ದಿ ವ್ಯಾಪಾರಿಯಿಂದ ಕಿಲೋ ಲೆಕ್ಕದಲ್ಲಿ ಬರುತ್ತಿದ್ದವು.

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಯಾವಾಗಲೂ ಕಪ್ಪು. ಶಾಯಿ ಹತ್ತಿದ ಕಪ್ಪು, ಸಾಬೂನಿಗೆ ಬಗ್ಗದ ಕಪ್ಪು. ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ಪತ್ರಿಕೆಗಳು ಗಂಟುಗಂಟಾಗಿ ಹಡಗು ಹತ್ತಿ ಬರುತ್ತವೆ. ನಮ್ಮ ಹಳಿಯಾಳದಲ್ಲಿ ಅವಲಕ್ಕಿ ಚೂಡಾ ಕಟ್ಟುವುದರಲ್ಲಿ, ಗುಳಿಗೆ ಕಟ್ಟುವುದರಲ್ಲಿ ಅವುಗಳ ಜನ್ಮ ಸಾರ್ಥಕವಾಗುತ್ತದೆ. ಪಕ್ಕದ ಚೂಡಾ ಅಂಗಡಿಯವನು ಅವನ್ನು ಓದದೆ ಹರಿಯುತ್ತಿದ್ದ. ಕಾಕಾ ಧಾರವಾಡದಲ್ಲಿ ಕಾಲೇಜು ಮಾಡಿದವರು. ಓದದೆ ಒಂದು ಹಾಳೆಯನ್ನೂ ಮಡಚುತ್ತಿರಲಿಲ್ಲ. ಎದುರಿಗೆ ಗಿರಾಕಿ ಚಳಿಜ್ವರದಿಂದ ನಡುಗುತ್ತಿದ್ದರೂ, "ತಡೀರಿ, ಈ ಕಾಲಮ್ಮು ಮುಗೀಲಿ. ನಿಮ್ಮ ಜ್ವರ ಎಲ್ಲೂ ಓಡಿ ಹೋಗೂದಿಲ್ಲ" ಎನ್ನುತ್ತಿದ್ದರು.

ಹೀಗೆ ಓದಿ ಓದಿ ಅವರು ಅಮೆರಿಕದ ಆನೆ ಪಕ್ಷದವರಾದರು. ಅಲ್ಲಿ ಇರುವುದು ದೊಡ್ಡವು ಎರಡೇ ಪಕ್ಷ. ಒಂದರ ಗುರುತು ಆನೆ, ಇನ್ನೊಂದರದು ಕತ್ತೆ. ಆನೆಯವರಿಗೆ ಸರಕಾರ ಸಣ್ಣದಿರಬೇಕು, ಕತ್ತೆಯವರಿಗೆ ಸರಕಾರ ಎಲ್ಲರ ಕೈ ಹಿಡಿಯಬೇಕು. ಕಾಕಾ ನಮಗೆ ಹೇಳಿಕೊಟ್ಟ ಪಾಠ ಇಷ್ಟು. ನಮ್ಮ ಪುರಸಭೆ ಚುನಾವಣೆಯಲ್ಲಿ ಅವರು ಯಾರಿಗೆ ಓಟು ಹಾಕುತ್ತಿದ್ದರೋ ಹೆಂಡತಿ ಕಾಕೂಗೂ ಗೊತ್ತಿರಲಿಲ್ಲ. ಅಮೆರಿಕದ ಓಟು ಮಾತ್ರ ಊರಿಗೆಲ್ಲ ಗೊತ್ತಿತ್ತು.

ಅವರ ಸಿಟ್ಟೆಲ್ಲ ಅಲ್ಲಿಯ ಆರೋಗ್ಯ ವಿಮೆಯ ಕಾನೂನಿನ ಮೇಲೆ. ಎಲ್ಲರೂ ವಿಮೆ ಕೊಳ್ಳಲೇಬೇಕು, ಕೊಳ್ಳದವರಿಗೆ ದಂಡ ಎಂದು ಓದಿದ ದಿನ ಅವರು ಮಧ್ಯಾಹ್ನದ ಊಟ ಸರಿಯಾಗಿ ಮಾಡಲಿಲ್ಲವಂತೆ. "ಮಳಿ ಬರೂದು ಖರೆ. ಛತ್ರಿ ಇದ್ರ ಚಲೋ, ಅದೂ ಖರೆ. ಆದ್ರ ಛತ್ರಿ ಕೊಳ್ಳಲಿಲ್ಲಂತ ದಂಡಾ ಹಾಕೂದು ಯಾವ ನ್ಯಾಯ?" ಎಂದು ಅಂಗಡಿ ಮುಂದಿನ ಮರದ ಬಾಂಕಿನ ಮೇಲೆ ಕೂತ ನಮ್ಮನ್ನೇ ಆ ಕಾನೂನು ಮಾಡಿದವರಂತೆ ನೋಡಿದರು.

ಸುದ್ದಿ ಯಾವಾಗಲೂ ತಡ. ಗಂಟು ಬರುವ ಹೊತ್ತಿಗೆ ಅಲ್ಲಿ ಋತು ಬದಲಾಗಿರುತ್ತಿತ್ತು. ಒಮ್ಮೆ ಆನೆ ಪಕ್ಷ ಮುಂದಿದೆ ಎಂದು ಓದಿ ಓಣಿಗೆಲ್ಲ ಪೇಢಾ ಹಂಚಿದರು. ಮುಂದಿನ ಗಂಟಿನಲ್ಲಿ ಅದೇ ಚುನಾವಣೆ ಸೋತ ಸುದ್ದಿ ಇತ್ತು. "ಸುದ್ದಿ ಹಳೇದು, ಪೇಢಾ ತಾಜಾ ಇದ್ವಲ್ಲ, ಸುಮ್ಮನಿರ್ರಿ" ಎಂದರು. ಮೊಬೈಲಿನಲ್ಲಿ ನೋಡಿ ಕಾಕಾ, ಈ ಕ್ಷಣದ್ದೇ ಸಿಗುತ್ತದೆ ಎಂದರೆ ತಲೆ ಅಲ್ಲಾಡಿಸುತ್ತಿದ್ದರು. "ಅದು ಬಿಸಿ ಇರ್ತೈತಿ, ಬಾಯಿ ಸುಡತೈತಿ. ಸುದ್ದಿ ಆರಿಸಿ ತಿನ್ನಬೇಕು."

ಬಾಂಕಿನ ಮೇಲೆ ಕತ್ತೆ ಪಕ್ಷದ ಏಕೈಕ ಪ್ರತಿನಿಧಿ ಸರಕಾರಿ ದವಾಖಾನೆಯ ನರ್ಸಬಾಯಿ. ಕಾಡಂಚಿನ ವಾಡೆಯಿಂದ, ಸಿದ್ದಿ ಜನರ ಸಣ್ಣ ಊರಿನಿಂದ, ಓದಿ ಬಂದವರು. ಡ್ಯೂಟಿ ಮುಗಿಸಿ ಮನೆಗೆ ಹೋಗುವ ಮೊದಲು ಇಲ್ಲಿ ಕೂತು ಕಾಕಾರನ್ನು ಕೆಣಕದಿದ್ದರೆ ಅವರಿಗೆ ದಿನ ಮುಗಿದಂತೆ ಆಗುತ್ತಿರಲಿಲ್ಲ.

"ಏನ್ ಕಾಕಾ, ನಿಮ್ಮ ಅಮೇರಿಕಾದಾಗ ಆಂಬುಲೆನ್ಸ್ ಕರ್ಯಾಕೂ ಮಂದಿ ಅಂಜತಾರಂತ, ಬಿಲ್ಲಿಗೆ?"

"ಕತ್ತಿ ಪಕ್ಷದವರು ಹಬ್ಬಿಸಿದ ಸುದ್ದಿ ಅದು, ಬಾಯಾರ."

"ಕತ್ತಿ ಆದ್ರೂ ಹೊರಿ ಹೊರತೈತಿ ರೀ. ನಿಮ್ಮ ಆನಿ ಏನ್ ಮಾಡತೈತಿ, ಕಬ್ಬು ತಿನ್ನೂದಾ?"

ಕಾಕಾ ಆಗ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಸಿದ್ಧಾಂತ ಹೇಳುವ ಮೊದಲಿನ ವಿಧಿ ಅದು. "ನೋಡ್ರಿ, ಬ್ಯಾನಿ ಬಂದವನ ಹತ್ತಿರ ಮೊದಲ ಹೋಗಬೇಕಾದವ ನೆರಿಯವ. ಸರಕಾರ ಆ ಕೆಲಸಾ ಕಸಗೊಂಡ್ರ ನೆರಿಯವ ಕದಾ ಹಾಕ್ಕೊಂಡ ಮಲಗತಾನ. ಆಮ್ಯಾಲ ಸರಕಾರನೂ ಮಲಗತೈತಿ."

ಇದನ್ನು ಅವರು ಬರೀ ಬಾಯಲ್ಲಿ ಹೇಳುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಪಾಳಿ ಎಂಬ ಪದ್ಧತಿ ಇದೆ. ಯಾರನ್ನಾದರೂ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಸೇರಿಸಿದರೆ ಮನೆಗೊಬ್ಬರಂತೆ ಸರದಿ ಹಚ್ಚಿ ಹೋಗಿ ಕೂಡಬೇಕು. ಇದನ್ನು ಬಿಗಿಯಾಗಿ ನಡೆಸಿದವರು ಕಾಕಾ, ಮೊದಲ ಪಾಳಿ ಯಾವಾಗಲೂ ಅವರದೇ. ನನ್ನ ಅವ್ವನ ಆಪರೇಶನ್ ಆದಾಗ ಅಂಗಡಿಗೆ ಕೀಲಿ ಹಾಕಿ, ಬಗಲಲ್ಲಿ ರದ್ದಿಯ ಸುರುಳಿ ಹಿಡಿದು ಬಂದರು. ಅಕ್ಷರ ಬಾರದ ಅವ್ವನಿಗೆ ಅಮೆರಿಕದ ಸಂಸತ್ತಿನ ಜಗಳವನ್ನು ಕನ್ನಡ ಮಾಡಿ ಓದಿ ಹೇಳಿದರು. ಎರಡನೆಯ ಭಾಷಣ ಮುಗಿಯುವುದರೊಳಗೆ ಅವ್ವ ಗೊರಕೆ ಹೊಡೆಯುತ್ತಿದ್ದಳು. ಡಾಕ್ಟರ ಗುಳಿಗೆಗೆ ಬಾರದಿದ್ದ ನಿದ್ದೆ ಅದು. ಗುಣವಾಗಿ ಬಂದ ಮೇಲೂ ಅವಳು, "ಆ ಜಗಳಾ ಏನಾತಪಾ, ಬಗೀಹರೀತ?" ಎಂದು ಅವರನ್ನು ಕೇಳುತ್ತಿದ್ದಳು.

ಪಾಳಿಯ ಬಗ್ಗೆ ನರ್ಸಬಾಯಿ ನಗೆಯಾಡುತ್ತಿರಲಿಲ್ಲ. ಒಮ್ಮೆ ಮಾತ್ರ ಹೇಳಿದರು: "ನಮ್ಮ ವಾಡೇದಾಗ ಎಲ್ಲಾರೂ ನೆರಿಯವರ ಇದ್ರು ಕಾಕಾ. ಬ್ಯಾನಿ ಬಿದ್ದವರನ್ನ ಕಂಬಳ್ಯಾಗ ಹೊತಗೊಂಡು ಡಾಂಬರ್ ರಸ್ತೆ ತನಕ ಬರತಿದ್ರು. ನೆರಿಯವರು ಕಡಿಮಿ ಇರಲಿಲ್ಲ. ಔಷಧ ಇರಲಿಲ್ಲ." ಕಾಕಾ ಕನ್ನಡಕ ಒರೆಸಿಕೊಂಡರು. "ಚಹಾ ತರಸ್ಲೇನು?" ಎಂದರು.

ಅವರ ಕಾಲು ಬಾತುಕೊಂಡಾಗ ಅಂಗಡಿಯದೇ ಗುಳಿಗೆ ನುಂಗಿ ನೋಡಿದರು. ಮುಖವೂ ಬಾತಾಗ ಕಾಕೂ ಹುಬ್ಬಳ್ಳಿಗೆ ಎಳೆದುಕೊಂಡು ಹೋದರು. ಎರಡೂ ಕಿಡ್ನಿ ಸೋತಿದ್ದವು. ವಾರಕ್ಕೆ ಮೂರು ಸಲ ಯಂತ್ರಕ್ಕೆ ಹಚ್ಚಿ ರಕ್ತ ತೊಳೆಸಬೇಕು ಎಂದರು.

ಆ ಯಂತ್ರ ನಮ್ಮೂರ ಸರಕಾರಿ ದವಾಖಾನೆಯಲ್ಲೇ ಇತ್ತು. ಪುಕ್ಕಟೆ. ಅಂಗಡಿಯಿಂದ ನಡೆದು ಹೋಗುವಷ್ಟು ಸಮೀಪ. ನರ್ಸಬಾಯಿ ಓಡುತ್ತ ಬಂದು, "ನಾಳೇನ ಬರ್ರಿ ಕಾಕಾ, ನಾ ಮಾತಾಡೇನಿ" ಎಂದರು.

"ಜನ್ಮಪೂರ್ತಿ ಸರಕಾರ ಇದರಾಗ ಕೈ ಹಾಕಬಾರದು ಅಂದವ ನಾನು. ಈಗ ನನ್ನ ಕೈನ ಸರಕಾರಕ್ಕ ಕೊಟ್ಟು ಮಲಗಲೇನು?"

"ಅಮೇರಿಕಾದವರು ಯಾರರ ನಿಮ್ಮ ಹೆಸರಾ ಹಿಡದು ಕೇಳತಾರೇನು?" ಎಂದು ಕಾಕೂ ಒಳಗಿನಿಂದ ಕೂಗಿದರು. "ನಿಮಗ ಹೆಚ್ಚು ಕಡಿಮಿ ಆದ್ರ ಆನಿ ಬಂದು ನನ್ನ ನೋಡಿಕೋತೈತೇನು?"

ಕಾಕಾ ಕೇಳಲಿಲ್ಲ. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗೇ ಹೊರಟರು. ಓಣಿ ಪಾಳಿ ಹಚ್ಚಿತು. ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾಗುವಾಗ ಬರುವುದು. ಮೊದಲು ಯಾರ ಮುಖದಲ್ಲೂ ಬೇಸರ ಕಾಣಲಿಲ್ಲ. ಆದರೆ ಬಾಣಂತನಕ್ಕೆ ಕೊನೆ ಇದೆ, ಆಪರೇಶನ್ನಿಗೆ ಕೊನೆ ಇದೆ. ನಮ್ಮ ಹಿರಿಯರು ಪಾಳಿ ಕಟ್ಟಿದ್ದು ಕೊನೆ ಇರುವ ಬ್ಯಾನಿಗಳಿಗೆ. ಮುಗಿಯದ ಬ್ಯಾನಿಗೆ ಪಾಳಿ ಹಚ್ಚಿ ಯಾರಿಗೂ ರೂಢಿ ಇರಲಿಲ್ಲ. ಮದುವೆ ಬಂತು, ನಾಟಿ ಬಂತು. ಜೊತೆಗೆ ಬರುವವರು ಹಿಂದೆಮುಂದೆ ನೋಡುವುದು ಕಾಕಾರ ಕಣ್ಣಿಗೆ ಬೀಳುತ್ತಿತ್ತು. ಅಂಥ ದಿನ, "ಇವತ್ತ ಡಾಕ್ಟರು ಇಲ್ಲಂತ, ನಾಡದ ಹೋಗೂಣು" ಎಂದು ತಾವೇ ತಪ್ಪಿಸಿ ಅಂಗಡಿಯ ಗಲ್ಲೆಯ ಹಿಂದೆ ಕೂಡುತ್ತಿದ್ದರು. ಡಾಕ್ಟರು ಇರುತ್ತಿದ್ದರು. ಅದು ನಮಗೆ ಆಮೇಲೆ ತಿಳಿಯಿತು.

ಭತ್ತ ತೆನೆ ತುಂಬಿದ ಕಾಲ. ಆ ದಿನದ ಪಾಳಿ ಓಣಿಯ ಕೊನೆಯ ಮನೆಯ ರೈತನದು. ದಾಂಡೇಲಿ ಕಾಡಿನ ಆನೆಗಳು ಇಳಿಯುವ ಹಂಗಾಮು, ಅವನು ಸಂಜೆಗೇ ಅಟ್ಟ ಹತ್ತಿ ಹೊಲ ಕಾಯಬೇಕು. ಬಸ್ಸು ದಾರಿಯಲ್ಲಿ ಕೆಟ್ಟಿತು. ಇವನು ಕಾಕಾರನ್ನು ಕೈಹಿಡಿದು ಮನೆಗೆ ಮುಟ್ಟಿಸಿ ಹೊಲಕ್ಕೆ ಹೋಗುವಷ್ಟರಲ್ಲಿ ಆನೆಗಳು ಬಂದು ಹೋಗಿದ್ದವು.

ಮರುದಿನ ಬೆಳಿಗ್ಗೆ ಅವನು ಅಂಗಡಿ ಮುಂದೆ ನಿಂತು ನಗುತ್ತಲೇ ಹೇಳಿದ. "ಕಾಕಾ, ರಾತ್ರಿ ನಿಮ್ಮ ಪಕ್ಷದವರು ಬಂದಿದ್ರು ರೀ ಹೊಲಕ್ಕ. ಸಭಾ ಜೋರ ಆತು."

ಬಾಂಕಿನ ಮೇಲಿದ್ದ ನಾವೆಲ್ಲ ನಕ್ಕೆವು. ಕಾಕಾ ನಗಲಿಲ್ಲ. "ಉಳದೈತೇನು?" ಎಂದರು.

"ಬದುವಿನ ಕಡೆದು ಒಂಚೂರು. ಬಿಡ್ರಿ, ಅವೂ ಹೊಟ್ಟಿಗೆ ಬಂದಾವು."

ಕಾಕಾ ನನ್ನ ಸ್ಕೂಟರಿನ ಹಿಂದೆ ಕೂತು ಆ ಹೊಲಕ್ಕೆ ಹೋದರು. ಚಾಪೆ ಹಾಸಿದಂತೆ ಭತ್ತ ಮಲಗಿತ್ತು. ಆನೆಯ ಹೆಜ್ಜೆಗುಳಿಗಳಲ್ಲಿ ನೀರು ನಿಂತಿತ್ತು. ಬಾತ ಕಾಲಿಗೆ ಚಪ್ಪಲಿ ಹಿಡಿಯದೆ ಬದುವಿನ ಮೇಲೆ ಬರಿಗಾಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದರು, ಒರೆಸಿದ್ದು ಗಾಜನ್ನಲ್ಲ. ಹಿಂದಿರುಗುವಾಗ ದಾರಿಯಲ್ಲಿ ಒಂದೇ ಮಾತು: "ಪಾಳಿ ಕೂತವಗ ಪಾಳಿ ಕೂಡಾವರು ಯಾರೂ ಇರಲಿಲ್ಲ ನೋಡು."

ಅದರ ಮರುದಿನ ಅವರು ಕಾಕೂ ಜೊತೆ ಸರಕಾರಿ ದವಾಖಾನೆಗೆ ನಡೆದು ಹೋದರು. ಬಾಗಿಲಲ್ಲೇ ನಿಂತಿದ್ದ ನರ್ಸಬಾಯಿಗೆ ಬೆರಳೆತ್ತಿ, ಆ ಕಪ್ಪು ಬೆರಳೆತ್ತಿ, ಎಚ್ಚರಿಸಿದರು. "ಬಾಯಾರ, ನಾ ಪಕ್ಷಾ ಬದಲ ಮಾಡಿಲ್ಲ. ದವಾಖಾನಿ ಬದಲ ಮಾಡೇನಿ."

"ಆತ್ರಿ. ಪಕ್ಷಾ ಹೊರಗ ಚಪ್ಪಲಿ ಜೋಡಿ ಬಿಟ್ಟು ಬರ್ರಿ" ಎಂದರು ನರ್ಸಬಾಯಿ. ಅಂದು, ಸೂಜಿ ಚುಚ್ಚಿದ ಮೇಲೆ, ಮೂಲೆಗೆ ಹೋಗಿ ನರ್ಸಬಾಯಿಯೇ ಅತ್ತರೆಂದು ಕಾಕೂ ಹೇಳಿದರು.

ಆಮೇಲೆ ಒಂದು ಮಳೆಗಾಲ ಕಳೆಯಿತು. ಯಂತ್ರದ ಪಕ್ಕ ಮಲಗಿಯೂ ಕಾಕಾ ರದ್ದಿ ಓದುತ್ತಿದ್ದರು, ಬೇರೆ ಹಾಸಿಗೆಯವರಿಗೂ ಓದಿ ಹೇಳುತ್ತಿದ್ದರು. ಸರಕಾರದ ಹಾಸಿಗೆಯ ಮೇಲೆ ಮಲಗಿ ಸರಕಾರವನ್ನು ಬೈಯುವುದು ಸರಿಯೇ ಎಂದು ನಾನು ಕೇಳಿದೆ. "ಹಾಸಿಗಿ ಮ್ಯಾಲ ಮಲಗೇನಿ ಅಂತ ಬಾಯಿ ಮಾರಿಲ್ಲ" ಎಂದರು. ಆದರೆ ನೆರೆಯವನ ಕುರಿತ ಭಾಷಣ ಮತ್ತೆ ಮಾಡಲಿಲ್ಲ. ಅಮೆರಿಕದಲ್ಲಿ ಹೊಸ ಚುನಾವಣೆ ಬರುತ್ತಿತ್ತು. ಈ ಸಲ ಮೊಬೈಲಿನಲ್ಲಿ ನೋಡಿ ಹೇಳಲೇ ಎಂದರೆ ಬೇಡ ಎಂದರು. ಗಂಟು ಬರಲಿ, ಓದಿ ತಿಳಿದುಕೊಳ್ಳುತ್ತೇನೆ.

ಹುಬ್ಬಳ್ಳಿಗೆ ಹೋಗದೆ ತಪ್ಪಿಸಿದ ದಿನಗಳು ಎದೆಗೆ ಹೊಡೆದಿದ್ದವು ಎಂದು ಡಾಕ್ಟರು ಹೇಳಿದರು. ದಸರೆಗೆ ಮೊದಲು, ಒಂದು ಮಧ್ಯಾಹ್ನ, ಗಲ್ಲೆಯ ಹಿಂದೆ ಕೂತಲ್ಲೇ ಹೋದರು. ಕೈಯಲ್ಲಿ ಅರ್ಧ ಮಡಚಿದ ಪೊಟ್ಟಣವಿತ್ತು. ಮೈ ತೊಳೆಯುವಾಗ ಕಾಕೂ ಬೆರಳಿನ ಶಾಯಿ ಹೋಗಲೆಂದು ತಿಕ್ಕುತ್ತಲೇ ಇದ್ದರು. ನರ್ಸಬಾಯಿ ಅವರ ಕೈ ಹಿಡಿದು, "ಇರಲಿ ಬಿಡ್ರಿ ಕಾಕೂ, ಗುರ್ತು ಹಿಡೀಲಿಕ್ಕೆ ಬೇಕಾಗತೈತಿ" ಎಂದರು.

ಚುನಾವಣೆಯ ಸುದ್ದಿಯಿದ್ದ ಗಂಟು ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಬಂತು. ಅಂಗಡಿ ಮುಚ್ಚಿದ್ದರಿಂದ ಪಕ್ಕದ ಚೂಡಾ ಅಂಗಡಿಯವನು ಇಳಿಸಿಕೊಂಡ. ಆನೆ ಪಕ್ಷ ಗೆದ್ದಿತ್ತು.