ಮೊಣಕಾಲಿನ ಕೀಲು

ಕಸ್ತೂರಿ, ನಿನ್ನ ಕಾಲಿನ ಕ್ಯಾಲಿಪರ್ ಮುರಿದದ್ದು ನನ್ನ ತಪ್ಪಿನಿಂದ. ಇಳಕಲ್ಲಿನ ಮೌನೇಶಪ್ಪನವರಿಂದ ಅಲ್ಲ. ಇದನ್ನು ಅಂದೇ ಹೇಳಬೇಕಿತ್ತು — ಹೇಳಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಪೋಲಿಯೋ ಆದ ಮಕ್ಕಳ ಕಾಲಿಗೆ ಕಬ್ಬಿಣದ ಆಸರೆ, ಅಂದರೆ ಕ್ಯಾಲಿಪರ್, ಒದಗಿಸುವ ಸಣ್ಣ ಕಂಪನಿಯೊಂದು ಬಾಗಲಕೋಟೆಯಲ್ಲಿತ್ತು. ನಾನು ಅದರ ಎಂಜಿನಿಯರ್. ನಮ್ಮಲ್ಲಿ ಕುಲುಮೆಯಿರಲಿಲ್ಲ, ಲೇಥೂ ಇರಲಿಲ್ಲ. ನಾನು ನಕ್ಷೆ ಬರೆದು ಕಳಿಸುತ್ತಿದ್ದೆ. ಮಗ್ಗದ ಬಿಡಿಭಾಗ ಮಾಡುತ್ತಿದ್ದ ಮೌನೇಶಪ್ಪನವರು ಅದರಂತೆಯೇ ಗುತ್ತಿಗೆಯ ಮೇಲೆ ತಯಾರಿಸಿಕೊಡುತ್ತಿದ್ದರು. ಹೆಸರು ಮಾತ್ರ ನಮ್ಮದು.

ಭಾರವಾಗುತ್ತದೆಂದು ಮಕ್ಕಳು ಕ್ಯಾಲಿಪರ್ ಬಿಚ್ಚಿ ಎಸೆಯುತ್ತಿದ್ದರು. ಹಗುರ ಮಾಡಲು ಹೋಗಿ ಮೊಣಕಾಲಿನ ಕೀಲನ್ನು ನಕ್ಷೆಯಲ್ಲಿ ತೆಳ್ಳಗೆ ಮಾಡಿದೆ. ಪರೀಕ್ಷಿಸಲಿಲ್ಲ. ಅವಸರವಿತ್ತು ಎನ್ನಬಹುದು, ಆದರೆ... ಆ ಅವಸರವೂ ನನ್ನದೇ.

ಸಾಲೆಯ ಮೆಟ್ಟಿಲ ಮೇಲೆ ಕೀಲು ತುಂಡಾಗಿ ನೀನು ಬಿದ್ದೆ. ಗಟ್ಟಿಯಿದ್ದ ಇನ್ನೊಂದು ಕಾಲಿನ ತೊಡೆಯ ಎಲುಬೇ ಮುರಿಯಿತು. ದವಾಖಾನೆಯಲ್ಲಿ ಡಾಕ್ಟರು ಆ ಕೀಲನ್ನು ನನ್ನ ಕೈಗಿಟ್ಟರು. ನಾನು ತೆಳ್ಳಗೆ ಮಾಡಿದ ಜಾಗದಲ್ಲೇ ಮುರಿದಿತ್ತು. ನೋಡಿದ ಕೂಡಲೇ ಗೊತ್ತಾಯಿತು. ಬಾಯಿಂದ ಬಂದದ್ದು ಬೇರೆ:

"ಮಾಡಿದವ್ರ ಕೆಲಸಾನ ಬರೋಬ್ಬರಿ ಇಲ್ರಿ."

ಮೌನೇಶಪ್ಪನವರು ವಾದಿಸಲಿಲ್ಲ. ನನ್ನ ಮಾತು ನಂಬಿದರು. ಕಮತಗಿಯ ನಿಮ್ಮ ಮನೆಗೆ ನನ್ನ ಜೊತೆಗೇ ಬಂದು ನಿನ್ನ ಅವ್ವನ ಮುಂದೆ ಕೈಮುಗಿದರು.

"ನನ್ನ ಕೈಯಾಗ ಎಲ್ಲೋ ತಪ್ಪಾಗೇತ್ರಿ ಯವ್ವಾ. ನಿಮ್ಮ ಕೂಸಿಗೆ ಹಿಂಗಾತಲ್ರಿ."

"ನೀವೇನು ಬೇಕಂತ ಮಾಡೀರೇನ್ರಿ ಅಣ್ಣಾರ? ಕುಂದರ್ರಿ," ಎಂದಳು ನಿನ್ನ ಅವ್ವ, ಅಳುತ್ತಲೇ. ನಾನು ಚಹಾ ಹಿಡಿದು ಕೂತಿದ್ದೆ. ನೀನು ಹಾಸಿಗೆಯಿಂದ ಅವರನ್ನೇ ನೋಡುತ್ತಿದ್ದೆ — ನನ್ನನ್ನಲ್ಲ. ಆಗಲಾದರೂ ಒಂದು ಮಾತು...

ಅವರು ಮತ್ತೆ ಕ್ಯಾಲಿಪರ್ ಮುಟ್ಟಲಿಲ್ಲ. ಕಂಪನಿ ಬೇರೆಯವರಿಗೆ ಗುತ್ತಿಗೆ ಕೊಟ್ಟಿತು. ತೆಳ್ಳಗಿನ ಕೀಲುಗಳನ್ನೆಲ್ಲ ವಾಪಸು ತರಿಸಿ, ನಕ್ಷೆಯನ್ನು ಸದ್ದಿಲ್ಲದೆ ತಿದ್ದಿದೆ. ಯಾರೂ ಏನೂ ಕೇಳಲಿಲ್ಲ.

ಈಚೆಗೆ ಇಳಕಲ್ಲಿಗೆ ಹೋಗಿದ್ದೆ. ಮೌನೇಶಪ್ಪನವರಿಗೆ ವಯಸ್ಸಾಗಿದೆ, ಹೇಳಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಗೋಣು ಹಾಕುತ್ತ ಕೇಳಿದರು. ಆಮೇಲೆ ನನ್ನತ್ತ ತಿರುಗಿದರು.

"ಕಮತಗಿ ಹುಡುಗಿ ಕಾಲು ನನ್ನಿಂದ ಮುರೀತ್ರಿ. ಈಗರೆ ಅಡ್ಡಾಡ್ತಾಳೇನ್ರಿ?"

ಇನ್ನೊಮ್ಮೆ ಹೇಳಿದೆ, ನನ್ನಿಂದ ಎಂದು. ಅದೂ ಉಳಿಯಲಿಲ್ಲ. ಮತ್ತೆ ಅದನ್ನೇ ಕೇಳಿದರು.

ನೀನು ಆಮೇಲೆ ನಡೆಯಲೇ ಇಲ್ಲವೆಂದು ನನಗೆ ಗೊತ್ತಿತ್ತು, ಕಸ್ತೂರಿ. ಅವರ ಹಿಡಿತದಿಂದ ಕೈ ಬಿಡಿಸಿಕೊಳ್ಳಲಾಗದೆ ಕೂತಿದ್ದೆ.